ಇನ್ನೂರ ಎಪ್ಪತ್ತೈದರ ನೆರೆಯವರು

ಹೆಬ್ಬಾಳ ಎಂದಷ್ಟೇ ಹೇಳಿ ಸುಮ್ಮನಾಗುವ ಹಾಗಿಲ್ಲ. ಯಾವ ಹೆಬ್ಬಾಳ ಎಂಬುದನ್ನೂ ಹೇಳಬೇಕು. ಬೆಂಗಳೂರಿನದು ಒಂದು, ಮೈಸೂರಿನ ನಮ್ಮದು ಇನ್ನೊಂದು. ಎರಡಕ್ಕೂ ಕೆರೆಯಿದೆ. ಎರಡಕ್ಕೂ ರಿಂಗ್ ರೋಡಿದೆ. ಎರಡರಲ್ಲೂ ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡ ಹುಡುಗ ಹುಡುಗಿಯರು ಬೆಳಗ್ಗೆ ಕಂಪನಿ ಬಸ್ಸು ಕಾಯುತ್ತಾರೆ. ಹೀಗಾಗಿ ಆಗಾಗ ಯಾವನೋ ಕೊರಿಯರ್ ಹುಡುಗ ಫೋನ್ ಮಾಡಿ, ‘ಸಾರ್, ಫ್ಲೈಓವರ್ ಕೆಳಗಡೆ ನಿಂತಿದೀನಿ, ಯಾವ ಕಡೆ ಬರ್ಲಿ?’ ಎಂದು ಕೇಳುತ್ತಾನೆ. ‘ಇನ್ನೊಂದು ನೂರೈವತ್ತು ಕಿಲೋಮೀಟರು ಬಾಪ್ಪ, ಕಾಫಿ ಇಟ್ಟಿರ್ತೀನಿ’ ಎನ್ನುವುದನ್ನು ಬಿಟ್ಟು ನಾನಾದರೂ ಏನು ಹೇಳಲಿ?

ಇಷ್ಟೆಲ್ಲ ಹೋಲಿಕೆಯಿದ್ದರೂ ಅವರದು ಒಂದು ಕೈ ಮೇಲು. ಆ ಹೆಬ್ಬಾಳದಲ್ಲಿ ಹಾದುಹೋಗುವುದು 44ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ. ಶ್ರೀನಗರದಲ್ಲಿ ಹೊರಟು ಕನ್ಯಾಕುಮಾರಿಯಲ್ಲಿ ಸಮುದ್ರ ಕಂಡಮೇಲೆಯೇ ನಿಲ್ಲುವಂಥದ್ದು. 3,700 ಕಿಲೋಮೀಟರಿಗೂ ಮೀರಿದ, ದೇಶದ ಅತಿ ಉದ್ದದ ಹೆದ್ದಾರಿ. ನಮ್ಮ ಹೆಬ್ಬಾಳದ ಮಗ್ಗುಲಲ್ಲಿ ಹುಣಸೂರು ಕಡೆಗೆ ಹೋಗುವುದು 275. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಅಂಕಿ ಹೆಚ್ಚಿದಷ್ಟೂ ಮರ್ಯಾದೆ ಹೆಚ್ಚು. ಹೆದ್ದಾರಿಯಲ್ಲಿ ಮಾತ್ರ ಅಂಕಿ ಹೆಚ್ಚಿದಷ್ಟೂ ಮರ್ಯಾದೆ ಕಡಿಮೆ.

ಈ ನಂಬರುಗಳು ಸುಮ್ಮನೆ ಬಾಯಿಗೆ ಬಂದಂತೆ ಕೊಟ್ಟವಲ್ಲ. ಹಿಂದೆ ಹಾಗೆ ಇದ್ದದ್ದುಂಟು. 2010ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಎಲ್ಲವನ್ನೂ ಅಳಿಸಿ ಹೊಸದಾಗಿ ಬರೆಯಿತು. ಪೂರ್ವ ಪಶ್ಚಿಮವಾಗಿ ಓಡುವ ರಸ್ತೆಗಳಿಗೆ ಬೆಸ ಸಂಖ್ಯೆ. ಉತ್ತರದಿಂದ ದಕ್ಷಿಣಕ್ಕೆ ಬಂದ ಹಾಗೆ ಸಂಖ್ಯೆ ಏರುತ್ತದೆ. ಕಾಶ್ಮೀರ, ಲಡಾಖ್ ಕಡೆಯದು 1. ರಾಮೇಶ್ವರ ಮುಟ್ಟುವ ಹೊತ್ತಿಗೆ 87. ಉತ್ತರ ದಕ್ಷಿಣವಾಗಿ ಓಡುವವಕ್ಕೆ ಸಮ ಸಂಖ್ಯೆ. ಅವು ಪೂರ್ವದಿಂದ ಪಶ್ಚಿಮಕ್ಕೆ ಏರುತ್ತವೆ. ಅಸ್ಸಾಂ, ನಾಗಾಲ್ಯಾಂಡ್ ಕಡೆಯದು 2, ದೇಶದ ನಡುಬೆನ್ನಿನಲ್ಲಿ 44, ಕಾರವಾರ, ಉಡುಪಿ, ಮಂಗಳೂರಿನ ಕರಾವಳಿಗೆ ಬಂದರೆ 66. ಇಷ್ಟು ಗೊತ್ತಿದ್ದರೆ ಕಣ್ಣುಮುಚ್ಚಿ ಲಾರಿಯಲ್ಲಿ ಕೂರಿಸಿ ಕರೆದೊಯ್ದರೂ ಒಂದು ಫಲಕ ನೋಡಿ ದೇಶದ ಯಾವ ಮೂಲೆಯಲ್ಲಿದ್ದೇವೆಂದು ಅಂದಾಜು ಮಾಡಬಹುದು.

ಇವೆಲ್ಲ ಎರಡಂಕಿಯೊಳಗಿನ ದೊಡ್ಡ ಮನೆತನಗಳು. ಇವುಗಳ ಕವಲುಗಳಿಗೆ ಮೂರಂಕಿ. ಕೊನೆಯ ಎರಡಂಕಿ ತಂದೆಯ ಹೆಸರು, ಮೊದಲಂಕಿ ಎಷ್ಟನೆಯ ಮಗು ಎಂಬ ಲೆಕ್ಕ. ಹಾಗಾಗಿ 275 ಎಂದರೆ 75ರ ಎರಡನೆಯ ಸಂತಾನ. ಈ 75 ಯಾರು? ಬಂಟ್ವಾಳದಿಂದ ಶಿರಾಡಿ ಘಾಟಿ ಹತ್ತಿ ಹಾಸನ, ಬೆಂಗಳೂರು ದಾಟಿ ವೆಲ್ಲೂರಿನ ಕಡೆ ಹೋಗುವ ರಸ್ತೆ. ನಮ್ಮದು ಅದರ ಕೈಬಿಟ್ಟು ಬೆಂಗಳೂರಿನಿಂದ ಮಂಡ್ಯ, ಮೈಸೂರು, ಹುಣಸೂರು, ಮಡಿಕೇರಿ, ಸುಳ್ಯ, ಪುತ್ತೂರು ಎಲ್ಲ ಸುತ್ತಿಕೊಂಡು ಬಂಟ್ವಾಳದ ಬಳಿ ಮತ್ತೆ ತಂದೆಯ ಮನೆ ಸೇರುತ್ತದೆ.

ಮೈಸೂರಿನ ಪರಿಸ್ಥಿತಿ ಇಷ್ಟಕ್ಕೇ ಮುಗಿಯುವುದಿಲ್ಲ. ಕೋಯಿಕ್ಕೋಡಿನಿಂದ ಸುಲ್ತಾನ್ ಬತ್ತೇರಿ, ಗುಂಡ್ಲುಪೇಟೆ, ನಂಜನಗೂಡಿನ ಮೇಲೆ ಮೈಸೂರಿಗೆ ಬಂದು, ತಿ.ನರಸೀಪುರದ ಮೂಲಕ ಕೊಳ್ಳೇಗಾಲಕ್ಕೆ ಹೋಗುವುದು 766. ಎಂದರೆ ಕರಾವಳಿಯ 66ರ ಏಳನೆಯ ಮಗು. ಇನ್ನೊಂದು, ಕಲಬುರಗಿ ಜಿಲ್ಲೆಯ ಜೇವರ್ಗಿಯಲ್ಲಿ ಹೊರಟು ಬಳ್ಳಾರಿ, ಹಿರಿಯೂರು, ನಾಗಮಂಗಲ, ಶ್ರೀರಂಗಪಟ್ಟಣದ ಮೇಲೆ ನಮ್ಮೂರು ಮುಟ್ಟಿ ಚಾಮರಾಜನಗರಕ್ಕೆ ಹೋಗುವ 150ಎ. ಇದು 50ರ ಮಗನಾದ 150ರ ಮಗ, ಲೆಕ್ಕದಲ್ಲಿ ಮೊಮ್ಮಗ. ಅಪ್ಪನಿಗಿಂತ ಮಗನೇ ಉದ್ದ ಬೆಳೆದಿದ್ದಾನೆ ಎಂಬುದೊಂದು ಸಮಾಧಾನ. ಒಟ್ಟಿನಲ್ಲಿ ಅರಮನೆಯಿರುವ ಊರಿಗೆ ಯಜಮಾನರೊಬ್ಬರೂ ಬರುವುದಿಲ್ಲ. ಎರಡನೆಯವನು, ಏಳನೆಯವನು, ಮೊಮ್ಮಗ, ಇವರೇ ಬಂದುಹೋಗುತ್ತಾರೆ.

ನಮ್ಮ ಬೀದಿಯ ನಿವೃತ್ತ ಮೇಷ್ಟ್ರಿಗೆ ಈ ವಂಶಾವಳಿ ವಿವರಿಸಿದಾಗ ಅವರ ಮುಖ ಕೆಂಪಾಯಿತು. ‘ಹಾಸನದ ರೋಡಿಗೆ ನಾವು ಕವಲೇನ್ರೀ? ಬೆಂಗಳೂರು ಹಳ್ಳಿಯಾಗಿದ್ದಾಗ ಇಲ್ಲಿ ರಾಜರಿದ್ದರು!’ ಎಂದರು. ಚರಿತ್ರೆಯ ಮೇಷ್ಟ್ರು, ದಾಖಲೆ ಕೇಳಿದರೆ ಇನ್ನೂ ಎರಡು ಗಂಟೆ ನಿಲ್ಲಬೇಕಾಗುತ್ತದೆಂದು ಸುಮ್ಮನಾದೆ.

ಈ ಮೂರಂಕಿಯ ಉಪಾಯ ನಮ್ಮದೇ ಆವಿಷ್ಕಾರವೇನಲ್ಲ. ಅಮೆರಿಕದವರು 1926ರಲ್ಲಿ ತಮ್ಮ ಹೆದ್ದಾರಿಗಳಿಗೆ ಚೌಕಳಿ ಹಾಕಿ ನಂಬರು ಕೊಟ್ಟರು. ಉತ್ತರ ದಕ್ಷಿಣದವಕ್ಕೆ ಬೆಸ, ಪೂರ್ವದಿಂದ ಏರಿಕೆ. ಪೂರ್ವ ಪಶ್ಚಿಮದವಕ್ಕೆ ಸಮ, ಉತ್ತರದಿಂದ ಏರಿಕೆ. 1956ರ ಕಾನೂನಿನ ನಂತರ ಇಂಟರ್‌ಸ್ಟೇಟ್ ಎಂಬ ದೊಡ್ಡ ಜಾಲ ಹೆಣೆಯಲು ಕೂತಾಗ ಹಳೆಯದಕ್ಕೂ ಹೊಸದಕ್ಕೂ ಗೊಂದಲವಾಗಬಾರದೆಂದು ಏರಿಕೆಯ ದಿಕ್ಕನ್ನೇ ತಿರುಗಿಸಿದರು: ಹೊಸ 5 ಪಶ್ಚಿಮ ತೀರದಲ್ಲಿ, 95 ಪೂರ್ವ ತೀರದಲ್ಲಿ. ಹಳೆಯ 50 ದೇಶದ ನಡುವೆ ಹಾದುಹೋಗುತ್ತದೆ. ಹೊಸ 50 ಕೂಡ ಅಲ್ಲೇ ಬೀಳುತ್ತಿತ್ತು. ಆದ್ದರಿಂದ ಇಂಟರ್‌ಸ್ಟೇಟ್‌ನಲ್ಲಿ 50 ಎಂಬ ನಂಬರೇ ಇಲ್ಲ. ನಾವು ಅವರ 1926ರ ಏರಿಕೆಯ ದಿಕ್ಕನ್ನು ಹಾಗೇ ಇಟ್ಟುಕೊಂಡಂತಿದೆ. ಸಮ ಬೆಸವನ್ನು ಮಾತ್ರ ಅದಲುಬದಲು ಮಾಡಿದ್ದೇವೆ. ಪಕ್ಕದವನ ಉತ್ತರ ನೋಡಿದರೂ ಒಂದಕ್ಷರ ಬದಲಿಸುವುದು ನಮ್ಮ ಪರೀಕ್ಷಾ ಸಂಪ್ರದಾಯ.

ಅಮೆರಿಕದಲ್ಲೂ 275 ಇದೆ. ಒಂದಲ್ಲ, ನಾಲ್ಕು. ಡೆಟ್ರಾಯಿಟ್ ಬಳಿ ಒಂದು, ಸಿನ್ಸಿನಾಟಿಯನ್ನು ಸುತ್ತುವುದೊಂದು, ನಾಕ್ಸ್‌ವಿಲ್‌ನಲ್ಲೊಂದು, ಫ್ಲೋರಿಡಾದ ಟ್ಯಾಂಪಾದಲ್ಲೊಂದು. ನಾಲ್ಕೂ ಮಿಷಿಗನ್‌ನಿಂದ ಫ್ಲೋರಿಡಾಕ್ಕೆ ಇಳಿಯುವ 75ರ ಮಕ್ಕಳೇ. ಬೇರೆ ಬೇರೆ ರಾಜ್ಯದಲ್ಲಿ ಹುಟ್ಟಿದ್ದರಿಂದ ಒಂದೇ ಹೆಸರಿಟ್ಟರೂ ನಡೆಯಿತು. ನಮ್ಮ ಹೆಬ್ಬಾಳದ ಇನ್ಫೋಸಿಸ್ ಆವರಣದಲ್ಲಿ ತರಬೇತಿ ಮುಗಿಸಿ ಆ ದೇಶಕ್ಕೆ ಹೋದ ಹುಡುಗನೊಬ್ಬ ಸಿನ್ಸಿನಾಟಿಯಲ್ಲಿ ಮನೆ ಮಾಡಿದ್ದಾನೆಂದುಕೊಳ್ಳಿ. ಇಲ್ಲಿದ್ದಾಗ 275ರಲ್ಲಿ ಮಡಿಕೇರಿಗೆ ಹೋದವನು, ಅಲ್ಲಿ 275ರಲ್ಲಿ ಭಾರತೀಯ ದಿನಸಿ ಅಂಗಡಿಗೆ ಹೋಗುತ್ತಾನೆ. ಅಮ್ಮ ಫೋನಿನಲ್ಲಿ ‘ಎಲ್ಲಿದೀಯೋ?’ ಎಂದಾಗ ‘ಎರಡು ಎಪ್ಪತ್ತೈದರಲ್ಲಿ’ ಎಂದರೆ ಆ ತಾಯಿ ಒಲೆಯ ಮೇಲೆ ಅಕ್ಕಿ ಇಟ್ಟುಬಿಟ್ಟಾಳು.

66 ಎಂಬ ನಂಬರಿಗೂ ಅಲ್ಲೊಂದು ಕಥೆಯಿದೆ. ಷಿಕಾಗೋದಿಂದ ಪೆಸಿಫಿಕ್ ತೀರದ ಸ್ಯಾಂಟಾ ಮೋನಿಕಾದವರೆಗೆ ಹೋಗುತ್ತಿದ್ದ ರೂಟ್ 66 ಹಾಡಿಗೂ ಸಿನಿಮಾಕ್ಕೂ ಸಿಕ್ಕಿ ಪ್ರಸಿದ್ಧವಾಗಿ, 1985ರಲ್ಲಿ ಪಟ್ಟಿಯಿಂದ ನಿವೃತ್ತಿಯಾಯಿತು. ಜನ ಈಗಲೂ ಅದನ್ನು ಹುಡುಕಿಕೊಂಡು ಹೋಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ಪನ್ವೇಲ್‌ನಿಂದ ಕನ್ಯಾಕುಮಾರಿಗೆ ಹೋಗುವ ನಮ್ಮ 66 ಇನ್ನೂ ಸೇವೆಯಲ್ಲಿದೆ. ಮೀನಿನ ಲಾರಿಯ ಹಿಂದೆ ಸಿಕ್ಕಿಕೊಂಡವರಾರೂ ಅದರ ಮೇಲೆ ಹಾಡು ಕಟ್ಟಿದ್ದು ನಾನು ಕೇಳಿಲ್ಲ.

ಬ್ರಿಟಿಷರ ಲೆಕ್ಕ ಬೇರೆ. ಅವರು ಲಂಡನ್ನನ್ನು ನಡುವೆ ಕೂರಿಸಿ, ಎಡಿನ್‌ಬರೋ ಕಡೆಗೆ ಎ1, ಡೋವರ್ ಕಡೆಗೆ ಎ2 ಎಂದು ಪ್ರದಕ್ಷಿಣೆಯಾಗಿ ಎ6ರವರೆಗೆ ಎಣಿಸಿದರು. 7, 8, 9ನ್ನು ಎಡಿನ್‌ಬರೋಗೆ ಬಿಟ್ಟರು. ಎಲ್ಲರೂ ರಾಜಧಾನಿಯಿಂದ ಎಷ್ಟನೆಯವರು ಎಂಬ ಲೆಕ್ಕ. ಅದಕ್ಕೆ ಹೋಲಿಸಿದರೆ ನಮ್ಮ ಚೌಕಳಿ ಲೆಕ್ಕ ಎಷ್ಟೋ ವಾಸಿ; ಅದಕ್ಕೆ ದಿಲ್ಲಿಯೂ ಒಂದೇ, ದಿಂಡಿಗಲ್ಲೂ ಒಂದೇ. ದಕ್ಷಿಣದವರಿಗೆ ದೊಡ್ಡ ಸಂಖ್ಯೆ ಬಿದ್ದದ್ದಕ್ಕೆ ಭೂಗೋಳವನ್ನೇ ದೂರಬೇಕು.

ನಡುವೆ ರಾಜಧಾನಿಯನ್ನು ಕೂರಿಸದೆ ಬರೀ ಸುತ್ತುವ ರಸ್ತೆಗಳೂ ಲೋಕದಲ್ಲಿವೆ. ಐಸ್‌ಲ್ಯಾಂಡಿನ 1ನೇ ನಂಬರಿನ ರಸ್ತೆ ಇಡೀ ದ್ವೀಪವನ್ನು ಸುಮಾರು 1,300 ಕಿಲೋಮೀಟರು ಬಳಸಿ ಬರುತ್ತದೆ. ಅದು ಪೂರ್ಣವಾದದ್ದು 1974ರಲ್ಲಿ. ಆಸ್ಟ್ರೇಲಿಯಾದ ಹೈವೇ 1 ಒಂದು ಖಂಡಕ್ಕೇ ಪ್ರದಕ್ಷಿಣೆ ಹಾಕುತ್ತದೆ, ಹತ್ತಿರ ಹತ್ತಿರ 14,500 ಕಿಲೋಮೀಟರು. ನಮ್ಮ ರಿಂಗ್ ರೋಡು ಸುತ್ತುವುದು 42 ಕಿಲೋಮೀಟರು ಚಿಲ್ಲರೆ. ಆದರೆ ಆ ಎರಡು ರಸ್ತೆಗಳಿಗೆ ಇಲ್ಲದ ಒಂದು ಸೊಬಗು ಇದಕ್ಕಿದೆ: ಕೂಡುಗಳ ಹೆಸರು. ಕೆಆರ್‌ಎಸ್ ರೋಡು ಸಿಗುವಲ್ಲಿ ರಾಯಲ್ ಇನ್ ಜಂಕ್ಷನ್, ಬೆಂಗಳೂರು ರೋಡು ಸಿಗುವಲ್ಲಿ ಕೊಲಂಬಿಯಾ ಏಷಿಯಾ ಜಂಕ್ಷನ್. ಆಸ್ಪತ್ರೆ ಮಣಿಪಾಲ್ ಎಂದು ಹೆಸರು ಬದಲಿಸಿಕೊಂಡು ವರ್ಷಗಳಾದವು. ಬಸ್ಸಿನ ಕಂಡಕ್ಟರು ಇನ್ನೂ ಬದಲಿಸಿಲ್ಲ. ಸರ್ಕಾರಿ ಗೆಜೆಟ್ಟಿಗಿಂತ ಕಂಡಕ್ಟರ ಬಾಯಿ ಗಟ್ಟಿ.

ಹೀಗಿರುವಾಗ ಸರ್ಕಾರ ನಂಬರು ಬದಲಿಸಿದರೆ ಏನಾಗಬೇಕು? ಮೊದಲು ಬೆಂಗಳೂರಿನಿಂದ ಪುಣೆ ಕಡೆಗೆ ಹೋಗುವುದು 4, ಮಂಗಳೂರಿಗೆ ಹೋಗುವುದು 48. ಹೊಸ ಲೆಕ್ಕದಲ್ಲಿ ಮಂಗಳೂರಿನದು 75 ಆಯಿತು. ಖಾಲಿಯಾದ 48 ದಿಲ್ಲಿಯಿಂದ ಚೆನ್ನೈಗೆ ಹೋಗುವ ರಸ್ತೆಯ ಪಾಲಾಗಿ, ಪುಣೆ ಬೆಂಗಳೂರು ಭಾಗ ಅದರೊಳಗೆ ಸೇರಿತು. ಹಳೆಯ ಡ್ರೈವರಿಗೆ ನಲವತ್ತೆಂಟು ಎಂದರೆ ಸಕಲೇಶಪುರದ ಮಳೆ, ಹೊಸಬನಿಗೆ ಹುಬ್ಬಳ್ಳಿಯ ಬಿಸಿಲು. ಹದಿನೇಳರದೂ ಇದೇ ಕಥೆ. ಕರಾವಳಿಯವರ ಹದಿನೇಳು ರಾಷ್ಟ್ರೀಯ ಹೆದ್ದಾರಿ, ನಮ್ಮ ಬೆಂಗಳೂರು ಮೈಸೂರು ರಸ್ತೆ ರಾಜ್ಯ ಹೆದ್ದಾರಿ 17. ಈಗ ಎರಡೂ ಹದಿನೇಳು ಹೋಗಿ ಒಂದು 66, ಒಂದು 275 ಆಗಿವೆ. ಊರವರು ಆಗಲೂ ಮಂಗಳೂರು ರೋಡು, ಮೈಸೂರು ರೋಡು ಎನ್ನುತ್ತಿದ್ದರು, ಈಗಲೂ ಹಾಗೆಯೇ ಎನ್ನುತ್ತಾರೆ. ಅವರಿಗೆ ಏನೂ ಆಗಲಿಲ್ಲ.

ಹಾಗೆಂದು ನಂಬರನ್ನು ಹಗುರವಾಗಿ ಕಾಣುವಂತಿಲ್ಲ. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯದಂಗಡಿ ಕೂಡದು ಎಂದಾಗ, ಅದುವರೆಗೆ ರಸ್ತೆಯ ನಂಬರು ಯಾವುದೆಂದು ತಲೆ ಎತ್ತಿಯೂ ನೋಡದವರು ಟೇಪು ಹಿಡಿದು ಹೊರಟರು. ಬೆಂಗಳೂರಿನ ಎಂ.ಜಿ. ರಸ್ತೆ ಕಾಗದದ ಮೇಲೆ ಹೆದ್ದಾರಿಯೆಂಬುದು ಅಲ್ಲಿ ಹತ್ತಾರು ವರ್ಷ ಸಂಜೆ ಕಳೆದವರಿಗೂ ಗೊತ್ತಿರಲಿಲ್ಲ. 2017ರ ಜುಲೈಯಲ್ಲಿ ಬಾರುಗಳು ಬಾಗಿಲು ಹಾಕಿದಾಗ ಗೊತ್ತಾಯಿತು. ರಾಜ್ಯ ರಾಜ್ಯಗಳು ತಮ್ಮ ರಸ್ತೆಗಳಿಂದ ಹೆದ್ದಾರಿ ಪಟ್ಟ ಕಿತ್ತುಕೊಳ್ಳಲು ಓಡಾಡಿದವು. ಕೊನೆಗೆ ನಗರದೊಳಗಿನ ಅಂಗಡಿಗಳಿಗೆ ವಿನಾಯಿತಿಯೆಂದು ಕೋರ್ಟೇ ಸ್ಪಷ್ಟಪಡಿಸಿತು. ರಸ್ತೆಯ ಮಟ್ಟ ಇಳಿಯಲಿ ಎಂದು ಜನ ಹರಸಿಕೊಂಡದ್ದು ಆಗ ಮಾತ್ರ.

ನಂಬರಿಗೆ ಕಿಮ್ಮತ್ತು ಕೊಡದ ಜಾಗವೂ ನಮ್ಮ ಜಿಲ್ಲೆಯ ಆಚೆಗೇ ಇದೆ. ಬಂಡೀಪುರದ ಕಾಡಿನಲ್ಲಿ 766 ಮತ್ತು ಊಟಿ ಕಡೆಯ 181, ಎರಡೂ ರಾತ್ರಿ ಒಂಬತ್ತಕ್ಕೆ ಮುಚ್ಚಿದರೆ ತೆರೆಯುವುದು ಬೆಳಗಿನ ಆರಕ್ಕೆ, 2009ರಿಂದ ಹೀಗೆ. ರಾಷ್ಟ್ರೀಯ ಎಂದು ಫಲಕ ಹಾಕಿಸಿಕೊಂಡ ರಸ್ತೆ ಆನೆ ಜಿಂಕೆಗಳಿಗೆ ದಾರಿ ಬಿಟ್ಟು ಮಲಗುತ್ತದೆ. ಒಂಬತ್ತು ಗಂಟೆಗೆ ಮಲಗುವ ಹೆದ್ದಾರಿ ಮೈಸೂರು ಸೀಮೆಯಲ್ಲದೆ ಇನ್ನೆಲ್ಲಿ ಸಿಗಬೇಕು?

ಎದ್ದಿರುವ ಹೆದ್ದಾರಿಯೂ ಒಂದಿದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ. ಅದೂ 275ರದೇ ಹೊಸ ವೇಷ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಒಂದೊಂದರ ಹೊರಗೂ ಬೈಪಾಸು. ಹಿಂದೆ ಬಿಡದಿ ಎಂದರೆ ತಟ್ಟೆ ಇಡ್ಲಿ, ಚನ್ನಪಟ್ಟಣ ಎಂದರೆ ಬೊಂಬೆ, ಮದ್ದೂರು ಎಂದರೆ ವಡೆ. ಎಷ್ಟು ದೂರ ಬಂದೆವೆಂದು ಹೊಟ್ಟೆಯೇ ಹೇಳುತ್ತಿತ್ತು. ಈಗ ನಿರ್ಗಮನ ಫಲಕ ಹೇಳಬೇಕು. ಆ ವರ್ಷದ ಆಗಸ್ಟ್‌ನಿಂದ ಸ್ಕೂಟರು, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶವಿಲ್ಲ. ಎಂದರೆ ಊರುಗಳಿಗೆ ಹೋಗುವವರು ಪಕ್ಕದ ಸರ್ವಿಸ್ ರೋಡಿನಲ್ಲಿ, ಊರುಗಳನ್ನು ದಾಟುವವರು ನಡುವೆ. ಹೆಸರು ಒಂದು ರಸ್ತೆ, ನಂಬರು ಇನ್ನೊಂದು ರಸ್ತೆ ಎಂದು ಪಾಲಾಗಿಬಿಟ್ಟಿದೆ.

ಈ ಪಾಲನ್ನು ನೋಡಬೇಕಾದರೆ ರಿಂಗ್ ರೋಡಿನ ಟೀ ಅಂಗಡಿಗೆ ಬರಬೇಕು. ಹರಿಯಾಣದ ಲಾರಿ ಡ್ರೈವರು ಇಳಿದು ‘ದೋ ಸೌ ಪಚತ್ತರ್?’ ಎನ್ನುತ್ತಾನೆ. ಅಂಗಡಿಯವನು ಲಾಟರಿ ನಂಬರು ಕೇಳಿದವರ ಹಾಗೆ ಮುಖ ನೋಡುತ್ತಾನೆ. ಡ್ರೈವರು ಚೀಟಿ ತೆಗೆದು ‘ಮಡಿಕೇರಿ’ ಎಂದು ಓದಿದ ಕೂಡಲೇ ಅಂಗಡಿಯವನ ಕೈ ತಾನೇ ತಾನಾಗಿ ಮೇಲೇಳುತ್ತದೆ: ‘ಹುಣಸೂರು ರೋಡಾ? ಸೀದಾ ಹೋಗಿ, ಹಿನಕಲ್‌ನಲ್ಲಿ ರೈಟ್.’ ನಮ್ಮ ಭಾಷೆ ಬಾರದವನಿಗೆ, ನಮ್ಮೂರು ಕಾಣದವನಿಗೆ, ರಾತ್ರಿ ಎರಡು ಗಂಟೆಗೆ ಕೇಳಲು ಯಾರೂ ಸಿಗದವನಿಗೆ ನಂಬರು ಬೇಕು. ಹೋದಲ್ಲಿ ಯಾರಾದರೂ ತನ್ನವರಿರುವವನಿಗೆ ಊರಿನ ಹೆಸರು ಸಾಕು. ಬೆಂಗಳೂರಿನಲ್ಲಿ ಮೈಸೂರು ರೋಡಾದದ್ದು ಮೈಸೂರಿನಲ್ಲಿ ಬೆಂಗಳೂರು ರೋಡಾಗುವುದೂ ಅದಕ್ಕೇ: ಎರಡು ಊರಿನವರೂ ಹೇಳುತ್ತಿರುವುದು ರಸ್ತೆಯ ಹೆಸರನ್ನಲ್ಲ, ತಾವು ಹೊರಟಿರುವ ಜಾಗವನ್ನು.

ರಾಷ್ಟ್ರೀಯ ಹೆದ್ದಾರಿಯ ಕಿಲೋಮೀಟರು ಕಲ್ಲು ಮಾಡಿಸಿದವರು ಈ ವ್ಯಾಜ್ಯವನ್ನು ಎಂದೋ ಇತ್ಯರ್ಥ ಮಾಡಿಟ್ಟಿದ್ದಾರೆ: ಹಳದಿ ತಲೆಯ ಮೇಲೆ ನಂಬರು, ಬಿಳಿಯ ಎದೆಯ ಮೇಲೆ ಊರಿನ ಹೆಸರು. ನನಗೆ ಈ ರಾಜಿ ಒಪ್ಪಿಗೆ. ಮೇಷ್ಟ್ರಿಗೆ ಮಾತ್ರ ಇಲ್ಲ. 275ರಿಂದ ಎರಡನ್ನು ತೆಗೆದರೆ ಉಳಿಯುವುದು 75 ತಾನೆ, ಅರ್ಜಿ ಗಿರ್ಜಿ ಯಾಕೆ, ಒಂದು ಡಬ್ಬಿ ಹಳದಿ ಬಣ್ಣ ಸಾಕು ಎನ್ನುವುದು ಅವರ ವಾದ.