ರಿಂಗ್ ಆಗತೈತಿ, ಮಾತ ಕೇಳಂಗಿಲ್ಲ

ಬೈಲಹೊಂಗಲದಲ್ಲಿ ನಮ್ಮ ಹಿತ್ತಲಿಗೂ ಬಾಜೂಮನಿ ಕಾಕುವಿನ ಹಿತ್ತಲಿಗೂ ನಡುವೆ ಒಂದು ಮುಳ್ಳುಬೇಲಿ, ಅದರ ಮೇಲೆ ಹೀರೇಬಳ್ಳಿ. ಮುಂಜಾನೆ ಕಾಯಿ ಹರಿಯಲು ಬಂದರೆ ಕಾಕುಗೆ ಸಿಗೋದು ಕಾಯಿ ನಾಲ್ಕು, ನನಗೆ ಸಿಗೋದು ಸುದ್ದಿ ಎಂಟು.

"ತಮ್ಮಾ, ಹಿಂದಿನ ಓಣಿ ಪ್ಲಾಟ್ 12 ಲಕ್ಷಕ್ಕ ಕೇಳ್ಯಾರಂತ. ಯಾರಿಗೂ ಹೇಳಬ್ಯಾಡ."

ಅವ್ವನಿಗೆ ಮಾತ್ರ ಹೇಳಿದೆ.

"ಅದಿರಲಿ, ರಾತ್ರಿ ಎರಡರತನಾ ನಿನ್ನ ಖೋಲ್ಯಾಗ ಲೈಟ್ ಇತ್ತಲ್ಲ, ಏನ್ ಮಾಡಾಕತ್ತಿದ್ದಿ?"

ಒಂದು ಪತ್ತಿನ ಸಹಕಾರಿಯ ಕೆಲಸ. ಹೆಡ್ ಆಫೀಸು ಇಲ್ಲೇ. ಶಾಖೆಗಳು ಕಿತ್ತೂರು, ಸವದತ್ತಿ, ರಾಮದುರ್ಗ. ಮೂರೂ ಕಡೆಯ ರೌಟರ್‌ನಿಂದ ಬೈಲಹೊಂಗಲಕ್ಕೆ ಒಂದೊಂದು ಟನಲ್, ಅಂದರೆ ಜಾಲದೊಳಗೊಂದು ಖಾಸಗಿ ದಾರಿ. ಬಂಡಿಗಾಲಿ ಇದ್ದ ಹಾಗೆ, ನಡುವೆ ಗುಂಬ, ಸುತ್ತ ಅರ. ಸರ್ಕಾರಿ ಕಚೇರಿಗಳ ಜಾಲ ಕೆಸ್ವಾನ್ ಕೂಡ ಇಂಥದೇ ಗಾಲಿ: ಬೆಂಗಳೂರಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲೂಕಿಗೆ. ನನ್ನ ಗಾಲಿಗೊಂದು ಚಮತ್ಕಾರಿಕ ರೋಗ ಹತ್ತಿತ್ತು. ರಾಮದುರ್ಗದವರು ಸವದತ್ತಿಗೆ ಫೋನ್ ಹಚ್ಚಿದರೆ ರಿಂಗ್ ಆಗುತ್ತದೆ. ಎತ್ತುತ್ತಾರೆ. ಆಮೇಲೆ ಎರಡೂ ಕಡೆ ಬರೀ "ಹಲೋ, ಹಲೋ". ಬೈಲಹೊಂಗಲದ ಜೊತೆ ಮಾತ್ರ ಇಬ್ಬರ ಮಾತೂ ಗಂಟೆ ಬಾರಿಸಿದ ಹಾಗೆ ಸ್ವಚ್ಛ.

"ಇಬ್ಬರೂ ಸಿಟ್ಟಿಗೆದ್ದಾರೇನು?"

ಅವರೂ ಹಾಗೇ ತಿಳಿದಿದ್ದರಂತೆ. ಗಂಟೆ ಬಾರಿಸುವ ಕೆಲಸ ಬೈಲಹೊಂಗಲದ ಎಕ್ಸ್‌ಚೇಂಜ್‌ನದು, ಅದಕ್ಕೆ ಎಲ್ಲ ಊರೂ ಗೊತ್ತು. ದನಿ ಮಾತ್ರ ರಾಮದುರ್ಗದ ಫೋನಿನಿಂದ ಸವದತ್ತಿಯ ಫೋನಿನ ವಿಳಾಸಕ್ಕೇ ಹೊರಡಬೇಕು. ಆ ವಿಳಾಸಕ್ಕೆ ದಾರಿ ಯಾವುದು ಅಂತ ರಾಮದುರ್ಗದ ರೌಟರ್‌ಗೆ ಯಾರೂ ಹೇಳಿರಲಿಲ್ಲ. ನಾನು ಎರಡು ರಾತ್ರಿ ಫೋನುಗಳನ್ನೇ ಬಿಚ್ಚಿ ಬಿಚ್ಚಿ ನೋಡಿದ್ದೆ, ಶಾಣ್ಯಾ!

ರೌಟರ್‌ಗಳು ಒಂದಕ್ಕೊಂದು ದಾರಿ ಹೇಳಲು ನಾನು ಹಾಕಿದ್ದು ರಿಪ್ ಎಂಬ ಹಳೆಯ ಪದ್ಧತಿ. 1969ರ ಅರ್ಪಾನೆಟ್ ಜಾಲದ ಕಾಲದ ವಿಚಾರ. 1988ರಲ್ಲಿ ಕ್ರಮವಾಗಿ ಬರೆದಿಟ್ಟರು. ಇದರಲ್ಲಿ ಯಾವ ರೌಟರ್ ಕೈಯಲ್ಲೂ ನಕ್ಷೆ ಇರೋದಿಲ್ಲ. ಪ್ರತಿ 30 ಸೆಕೆಂಡಿಗೆ ಬಾಜೂದವರು ಹೇಳಿದ್ದನ್ನು ಕೇಳೋದು, ಅದಕ್ಕೆ ತನ್ನದೊಂದು ಹೆಜ್ಜೆ ಕೂಡಿಸೋದು, ಮುಂದಿನವರಿಗೆ ಹೇಳೋದು.

"ಅಂದ್ರ ನಮ್ಮಂಗ."

ನಿಮ್ಮಂಗ ಅಂತ ಬಾಯಿಗೆ ಬಂದಿತ್ತು, ನುಂಗಿದೆ. ಆದರೆ ಯಂತ್ರಗಳಿಗೆ ಒಂದು ಮರ್ಯಾದೆ ಉಂಟು: ಯಾವ ಬಾಗಿಲಿಂದ ಸುದ್ದಿ ಬಂತೋ ಅದೇ ಬಾಗಿಲಿಂದ ತಿರುಗಿ ಹೇಳಬಾರದು. ಸ್ಪ್ಲಿಟ್ ಹೊರೈಜನ್ ಅನ್ನುತ್ತಾರೆ. ಸಿಕ್ಕಿಬಿದ್ದದ್ದು ಅಲ್ಲೇ. ಇಲ್ಲಿನ ರೌಟರ್‌ನಲ್ಲಿ ಮೂರೂ ಊರಿಗೆ ಸೇರಿ ನಾನು ಇಟ್ಟಿದ್ದು ಒಂದೇ ಬಾಗಿಲು. ಸವದತ್ತಿಯ ಸುದ್ದಿ ಅದರಲ್ಲೇ ಒಳಗೆ ಬಂತು. ರಾಮದುರ್ಗಕ್ಕೆ ಹೋಗಲೂ ಅದೇ ಬಾಗಿಲು. ಮರ್ಯಾದಸ್ಥ ರೌಟರ್ ಬಾಯಿ ಮುಚ್ಚಿಕೊಂಡು ಕೂತಿತು.

"ಮಲಪ್ರಭಾ ನೋಡು, ನವಿಲುತೀರ್ಥದಿಂದ ನೆಟ್ಟಗ ರಾಮದುರ್ಗಕ್ಕ ಹೊಕ್ಕಾಳ. 2019ರಾಗ ಮಹಾಪೂರ ಬಂದಾಗ ಯಾವ ಹೆಡ್ ಆಫೀಸಿಗೆ ಕೇಳಿದ್ಳು? ನಿನ್ನ ಫೋನ್ಯಾಕ ಹೊಂಗಲಕ್ಕ ಬರಬೇಕು?"

ನ್ಯಾಯವಾದ ಮಾತು. ಮೂರು ಶಾಖೆಗೆ ಪರಸ್ಪರ ಟನಲ್ ತೋಡಬಹುದು, ಇನ್ನು ಮೂರೇ ಬೇಕು. ನಾಳೆ ಶಾಖೆ 20 ಆದರೆ? 190. ಯಾರು ತೋಡುತ್ತಾರೆ, ಯಾರು ಕಾಯುತ್ತಾರೆ? ಅದಕ್ಕೇ ಕಡೆಗೆ ರಾತ್ರಿ ಎರಡಕ್ಕೆ ಇಲ್ಲಿನ ಬಾಗಿಲಿಗೆ ಒಂದೇ ಸಾಲು ಹೊಡೆದೆ, 'ನೋ ಐಪಿ ಸ್ಪ್ಲಿಟ್-ಹೊರೈಜನ್', ಅಂದರೆ ಆ ಮರ್ಯಾದೆ ಬಿಡು ಅಂತ. ಒಂದು ನಿಮಿಷದೊಳಗೆ ಊರೂರಿಗೆ ದಾರಿ ತಿಳಿಯಿತು.

"ಎಲ್ಲಾ ಕಡೆ ತಗದಿ?"

ಇಲ್ಲಿ ಮಾತ್ರ. ಶಾಖೆಗಳಲ್ಲಿ ಆ ಮರ್ಯಾದೆ ಇರಲೇಬೇಕು. ಇಲ್ಲದಿದ್ದರೆ ರಾಮದುರ್ಗದ ಲೈನ್ ಕಡಿದ ದಿನ ಸವದತ್ತಿ ತನ್ನ ಹಳೆ ಸುದ್ದಿಯನ್ನೇ ಹೊಸದು ಅಂತ ಒದರುತ್ತದೆ: "ರಾಮದುರ್ಗ ನನ್ನಿಂದ 2 ಹೆಜ್ಜೆ." ಬೈಲಹೊಂಗಲ ನಂಬಿ, "ಹಂಗಾದ್ರ ನನಗ 3" ಅನ್ನುತ್ತದೆ. ಸವದತ್ತಿ, "ನನಗೀಗ 4." ಇಬ್ಬರೂ ಒಬ್ಬರ ಬಾಯಿಂದ ಒಬ್ಬರು ಕೇಳುತ್ತ ಏರಿಸುತ್ತ ಹೋಗುತ್ತಾರೆ, ರಾಮದುರ್ಗದ ಕಡೆ ಮುಖ ಹಾಕಿದವರು ಮಾತ್ರ ಯಾರೂ ಇರೋದಿಲ್ಲ. ಅದಕ್ಕೇ ರಿಪ್‌ನಲ್ಲಿ ಲೆಕ್ಕ 15ಕ್ಕೆ ಬಂದ್. 16 ಅಂದರೆ ಆ ಊರೇ ಇಲ್ಲ ಅಂತ ತಿಳಿದು ಕೈಬಿಡೋದು.

"16ಕ್ಕ ಊರ ಇಲ್ಲ! ಚಲೋ ಐತಿ," ಅಂತ ನಗುತ್ತ ಕಾಕು ಒಳಗೆ ಹೋದರು.

ಮರುದಿನ ಬೇಲಿಯಾಚೆಯಿಂದ, "ತಮ್ಮಾ, ಪ್ಲಾಟ್ 13ಕ್ಕ ಹೋತಂತ." ಅವ್ವ ಎದುರುಮನೆಗೆ ಹೇಳಿದ್ದಳು, ಎದುರುಮನೆಯವರು ಗಿರಣಿಯಲ್ಲಿ ಹೇಳಿದ್ದರು, ಗಿರಣಿಗೆ ಕಾಕು ಹಿಟ್ಟು ಬೀಸಿಸಲು ಹೋಗಿದ್ದರು. ಶುಕ್ರವಾರ 14 ಆಯಿತು. ಸೋಮವಾರ ಕಾಕು ಉಸಿರು ಬಿಗಿಹಿಡಿದು ಬಂದರು.

"16 ಅಂತ ನೋಡು! ಗ್ಯಾರಂಟಿ ಸುದ್ದಿ."

"16 ಆತಂದ್ರ ಆ ಪ್ಲಾಟ್ ಇಲ್ಲ ಬಿಡ್ರಿ ಕಾಕು," ಅಂದೆ.

ಕಾಕು ಕೈಯಲ್ಲಿದ್ದ ಹೀರೇಕಾಯಿ ಹಾಗೇ ನಿಂತಿತು. "ಇಲ್ಲಾ? ಮಾರಿಬಿಟ್ರಾ?" ಅಂದವರೇ ಸೆರಗು ಸರಿಮಾಡಿಕೊಂಡು ಆ ಕಡೆಯ ಬೇಲಿಗೆ ಹೊರಟರು.