ಬ್ರಹ್ಮಕಮಲದ ವಿಳಾಸ

ಅಂತರ್ಜಾಲದಲ್ಲಿ ಒಂದು ಛಾಯಾಚಿತ್ರವನ್ನು ನಾಲ್ಕು ಜನರಿಗೆ ತೋರಿಸುವ ಕ್ರಿಯೆಗೆ ‘ಹಂಚಿಕೊಳ್ಳುವುದು’ ಎಂಬ ಹೆಸರು ನೆಲೆನಿಂತಿದೆಯಾದರೂ, ಆ ಪದ ಹೇಳುವುದೇ ಬೇರೆ, ಅಲ್ಲಿ ನಡೆಯುವುದೇ ಬೇರೆ. ಹೋಳಿಗೆಯನ್ನು ಹಂಚಿಕೊಂಡರೆ ಒಬ್ಬರ ಎಲೆಯಲ್ಲಿ ಕಡಿಮೆಯಾದದ್ದು ಇನ್ನೊಬ್ಬರ ಎಲೆಗೆ ಬೀಳುತ್ತದೆ. ಚಿತ್ರವನ್ನು ಕೊಂಡಿಯ, ಅಂದರೆ ಜನಬಳಕೆಯ ಲಿಂಕಿನ, ಮೂಲಕ ಹಂಚಿಕೊಂಡಾಗ ಕಡಿಮೆಯಾಗುವುದೂ ಇಲ್ಲ, ಬೀಳುವುದೂ ಇಲ್ಲ, ಕೈಯಿಂದ ಕೈಗೆ ಹೋಗುವುದು ಒಂದು ವಿಳಾಸ ಮಾತ್ರ. ಚಿತ್ರವು ಯಾವುದೋ ಕಂಪನಿಯ ಸರ್ವರಿನಲ್ಲಿ, ಎಂದರೆ ಹಗಲೂ ರಾತ್ರಿ ಎಚ್ಚರವಿದ್ದು ಕೇಳಿದವರಿಗೆ ಕೇಳಿದ್ದನ್ನು ಕಳಿಸುವ ಕಂಪ್ಯೂಟರಿನಲ್ಲಿ, ಬಾಡಿಗೆಗೋ ಬಿಟ್ಟಿಗೋ ವಾಸವಾಗಿರುತ್ತದೆ. ಈ ಆಶ್ರಯಕ್ಕೆ ಹೋಸ್ಟಿಂಗ್ ಎಂದು ಹೆಸರು. ಇಂಗ್ಲಿಷಿನ ಹೋಸ್ಟ್ ಪದಕ್ಕೆ ಕನ್ನಡದಲ್ಲಿ ಆತಿಥೇಯ ಎಂಬ ಅರ್ಥವಿರುವುದರಿಂದ ಚಿತ್ರವನ್ನು ಅತಿಥಿಯೆಂದು ಕರೆಯಬೇಕಾಗುತ್ತದೆ, ಮತ್ತು ಅತಿಥಿಗೆ ಕೊಟ್ಟ ಕೋಣೆ ಅತಿಥಿಯದಲ್ಲವೆಂಬ ಲೋಕಾನುಭವವನ್ನು ಹವ್ಯಾಸಿಗಳ ಕುಲ ಮರಳಿ ಮರಳಿ ಮರೆಯುತ್ತ ಬಂದಿದೆ.

ಈ ಕುಲಕ್ಕೆ ನಾಣ್ಯ ಕೂಡಿಡುವವರು, ಹಕ್ಕಿ ನೋಡುವವರು, ಫೌಂಟನ್ ಪೆನ್ನಿನ ನಿಬ್ಬನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸುವವರು ಎಲ್ಲರೂ ಸೇರುತ್ತಾರಾದರೂ, ಕನ್ನಡನಾಡಿನಲ್ಲಿ ಇದರ ಲಕ್ಷಣಗಳು ನಿಚ್ಚಳವಾಗಿ ಕಾಣಸಿಗುವುದು ತಾರಸಿ ತೋಟದವರಲ್ಲಿ, ಅದರಲ್ಲೂ ಬ್ರಹ್ಮಕಮಲ ಅರಳುವ ರಾತ್ರಿ. ಇಲ್ಲಿ ಬ್ರಹ್ಮಕಮಲವೆಂದು ಆರತಿ ಎತ್ತಿಸಿಕೊಳ್ಳುವ ಗಿಡವು ಎಪಿಫಿಲಮ್ ಆಕ್ಸಿಪೆಟಾಲಮ್ ಎಂಬ, ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ ಮೂಲದ, ಕಳ್ಳಿಯ ಬಂಧು. ಉತ್ತರಾಖಂಡದ ರಾಜ್ಯಪುಷ್ಪವಾದ ಹಿಮಾಲಯದ ಬ್ರಹ್ಮಕಮಲವು ಸೂರ್ಯಕಾಂತಿಯ ಕುಟುಂಬದ್ದಾಗಿದ್ದು, ಅದಕ್ಕೂ ಇದಕ್ಕೂ ಹೆಸರಿನ ಹೊರತು ನಂಟಿಲ್ಲ. (ಈ ಸಂಗತಿಯನ್ನು ಹೂವಿನ ಮುಂದೆಯೇ ನಿಂತು ಹೇಳುವ ಪಂಡಿತರಿಗೆ ಆ ಮನೆಯಲ್ಲಿ ಕಾಫಿ ತಡವಾಗಿ ಬರುವುದುಂಟು.) ಎಲೆಯೆಂದು ತೋರುವ ಚಪ್ಪಟೆ ಕಾಂಡದ ಅಂಚಿನಿಂದ ಜೋತುಬಿದ್ದ ಮೊಗ್ಗು ಕೊಕ್ಕರೆಯ ಕತ್ತಿನಂತೆ ಬಾಗಿ ಮೇಲೇಳುತ್ತದೆ, ಕತ್ತಲಾದ ಮೇಲೆ ಬಿರಿಯತೊಡಗುತ್ತದೆ, ನಡುರಾತ್ರಿಯ ಹೊತ್ತಿಗೆ ಪೂರ್ತಿ ಅರಳಿ, ಬೆಳಗಿನ ಹಾಲು ಬರುವಷ್ಟರಲ್ಲಿ ಒದ್ದೆ ಕರವಸ್ತ್ರದಂತೆ ಸೊರಗಿ ನೇತಾಡುತ್ತದೆ. ವರ್ಷವಿಡೀ ನೀರೆರೆದದ್ದಕ್ಕೆ ಸಿಗುವ ಫಲ ಒಂದು ರಾತ್ರಿಯದಾದ್ದರಿಂದ, ಆ ರಾತ್ರಿಯೇ ಚಿತ್ರವನ್ನು ಬಳಗಕ್ಕೆ ಮುಟ್ಟಿಸಬೇಕೆಂಬ ತವಕ ಹವ್ಯಾಸಿಗೆ ಸಹಜ. ಅವನ ವಿದ್ಯಾಭ್ಯಾಸ ಆರಂಭವಾಗುವುದೂ ಇಲ್ಲಿಂದಲೇ.

ಚಿತ್ರದ ಬದಲು ವಿಳಾಸ ಕೊಡುವ ಈ ಏರ್ಪಾಡಿಗೆ ಒಂದು ಜನ್ಮದಿನವಿದೆ. 1993ರ ಫೆಬ್ರುವರಿಯಲ್ಲಿ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮೊಸಾಯಿಕ್ ಎಂಬ ಬ್ರೌಸರನ್ನು ಕಟ್ಟುತ್ತಿದ್ದ ಮಾರ್ಕ್ ಆಂಡ್ರೀಸನ್, ಬರಹದ ನಡುವೆಯೇ ಚಿತ್ರ ಮೂಡುವಂತೆ ಐಎಂಜಿ ಎಂಬ ಗುರುತನ್ನು ಸೂಚಿಸಿದರು. ಆ ಗುರುತಿನೊಳಗೆ ಚಿತ್ರವಿರುವುದಿಲ್ಲ, ಚಿತ್ರ ಎಲ್ಲಿದೆಯೆಂಬ ವಿಳಾಸವಷ್ಟೇ ಇರುತ್ತದೆ, ಮತ್ತು ಆ ವಿಳಾಸ ಜಗತ್ತಿನ ಯಾವ ಮೂಲೆಯ ಸರ್ವರಿನದಾದರೂ ಆಗಬಹುದು. ಇದಕ್ಕಿಂತ ಅಚ್ಚುಕಟ್ಟಾದ ವ್ಯವಸ್ಥೆ ಸಾಧ್ಯವೆಂದು ವಾದಿಸಿದವರಿದ್ದರು. ಅವರ ವಾದ ಮುಗಿಯುವುದರೊಳಗೆ ಮೊಸಾಯಿಕ್ ಹೊರಬಂದು ಮೊಕದ್ದಮೆ ತಾನಾಗಿ ಇತ್ಯರ್ಥವಾಯಿತು. ಹವ್ಯಾಸಿ ಬಳಗಗಳು ಮುಂದೆ ಇದೇ ಗುರುತನ್ನು ಚೌಕ ಆವರಣದಲ್ಲಿಟ್ಟು ಬಳಕೆಗೆ ತಂದವು: ಮೊದಲಿಗೊಂದು ಆವರಣ, ನಡುವೆ ವಿಳಾಸ, ಕೊನೆಗೆ ಓರೆಗೆರೆಯಿರುವ ಇನ್ನೊಂದು ಆವರಣ. ಆ ಓರೆಗೆರೆಯೊಂದು ಬಿಟ್ಟುಹೋದರೆ ಹೂವಿನ ಜಾಗದಲ್ಲಿ ಎರಡು ಸಾಲು ಇಂಗ್ಲಿಷ್ ಅಕ್ಷರಗಳು ಮೂಡಿ, ಬಳಗದ ಹಿರಿಯರು ‘ಓರೆಗೆರೆ ಹಾಕಿ’ ಎಂದು ಬರೆಯುತ್ತಾರೆ. ಕಲಿಯುವವನು ಎರಡು ಓರೆಗೆರೆ ಹಾಕುತ್ತಾನೆ.

ವಿಳಾಸಗಳಲ್ಲಿ ಎರಡು ಜಾತಿಗಳಿವೆಯೆಂಬುದು ಮುಂದಿನ ಪಾಠ. ಚಿತ್ರವನ್ನು ಸುತ್ತಲಿನ ಶೀರ್ಷಿಕೆ, ಜಾಹೀರಾತು, ಮೆಚ್ಚುಗೆಯ ಹೃದಯಗಳ ಸಮೇತ ತೋರಿಸುವ ಪುಟದ ವಿಳಾಸ ಒಂದು. ಬರಿಯ ಚಿತ್ರದ ಕಡತವನ್ನೇ ತೋರಿಸುವ, ಸಾಮಾನ್ಯವಾಗಿ ಜೆಪಿಜಿ ಎಂಬ ಮೂರಕ್ಷರದಲ್ಲಿ ಮುಗಿಯುವ, ನೇರ ವಿಳಾಸ ಇನ್ನೊಂದು. ಐಎಂಜಿ ಗುರುತಿಗೆ ಬೇಕಾದದ್ದು ಎರಡನೆಯದು, ಹವ್ಯಾಸಿಯ ಕೈಗೆ ಮೊದಲು ಸಿಗುವುದು ಮೊದಲನೆಯದು. ದೇವರಮನೆಯ ಎರಡನೇ ಗೂಡಿನಲ್ಲಿರುವ ಕುಂಕುಮದ ಭರಣಿಯನ್ನು ತರಹೇಳುವವರು ಬಸ್ ನಿಲ್ದಾಣದ ಹೆಸರು ಹೇಳಿ ಸುಮ್ಮನಾದರೆ ಆಗುವ ಗತಿಯೇ ಇಲ್ಲಿಯೂ ಆಗಿ, ಹೂವಿರಬೇಕಾದಲ್ಲಿ ಹರಿದ ಕಾಗದದಂಥ ಪುಟ್ಟ ಗುರುತೊಂದು ಕಾಣಿಸಿಕೊಳ್ಳುತ್ತದೆ.

ನೇರ ವಿಳಾಸ ಸಿಕ್ಕವನಿಗೂ ಅನುಮತಿಯೆಂಬ ಹೊಸ್ತಿಲು ಬಾಕಿಯಿರುತ್ತದೆ, ಮತ್ತು ಹವ್ಯಾಸಿಗಳ ಹೆಚ್ಚಿನ ರಾತ್ರಿಗಳು ಕಳೆದಿರುವುದು ಈ ಹೊಸ್ತಿಲಿನ ಮೇಲೆಯೇ. ಆನ್‌ಲೈನ್ ಸಂಗ್ರಹಕ್ಕೆ ಏರಿಸಿದ ಚಿತ್ರ ಹುಟ್ಟಾ ಖಾಸಗಿಯಾಗಿರುವುದೇ ವಾಡಿಕೆ. ಕೊಂಡಿಯುಳ್ಳ ಯಾರಾದರೂ ನೋಡಬಹುದೆಂಬ ಆಯ್ಕೆಯನ್ನು ಒಡೆಯನೇ ಬೆರಳಿಟ್ಟು ಒತ್ತಬೇಕು. ಒಡೆಯನ ಫೋನಿನಲ್ಲಿ ಮಾತ್ರ ಕೊಂಡಿ ಸೊಗಸಾಗಿ ತೆರೆದುಕೊಳ್ಳುತ್ತದೆ, ಏಕೆಂದರೆ ಅಲ್ಲಿ ಅವನು ಒಡೆಯನೇ. ಆದ್ದರಿಂದ ಹತ್ತೂವರೆಗೆ ಕೊಂಡಿ ಹೋಗುತ್ತದೆ. ಹತ್ತು ಮುಕ್ಕಾಲಿಗೆ ‘ತೆರೆಯುತ್ತಿಲ್ಲ ಸರ್’ ಎಂಬ ಮೊದಲ ದೂರು ಬರುತ್ತದೆ. ‘ನನ್ನಲ್ಲಿ ತೆರೆಯುತ್ತಿದೆಯಲ್ಲ’ ಎಂಬ ಉತ್ತರದೊಡನೆ ಅದೇ ಕೊಂಡಿ ಮತ್ತೊಮ್ಮೆ ಹೋಗುತ್ತದೆ. ಈ ನಡುವೆ ಪ್ರವೇಶ ಕೋರಿ ಹನ್ನೆರಡು ಮನವಿಗಳು ಹವ್ಯಾಸಿ ತಿಂಗಳಿಗೊಮ್ಮೆ ಇಣುಕುವ ಇಮೇಲ್ ಪೆಟ್ಟಿಗೆಯಲ್ಲಿ ಸಾಲಾಗಿ ಕುಳಿತಿರುತ್ತವೆ. ಬಾಗಿಲು ತೆರೆಯದ ಸರ್ವರು ಈ ಸಂದರ್ಭದಲ್ಲಿ ನೀಡುವ ಸಂಖ್ಯೆಗಳನ್ನು ಸರ್ಕಾರಿ ಕಚೇರಿ ಕಂಡವರು ಸುಲಭವಾಗಿ ಅರ್ಥಮಾಡಿಕೊಳ್ಳಬಲ್ಲರು: 403 ಎಂದರೆ ಸಾಹೇಬರು ಒಳಗಿದ್ದಾರೆ, ನಿಮಗೆ ಭೇಟಿಯಿಲ್ಲ, 404 ಎಂದರೆ ಆ ಹೆಸರಿನ ಸಾಹೇಬರು ಈ ಕಚೇರಿಯಲ್ಲೇ ಇಲ್ಲ. ಇನ್ನು ಗಮನಿಸಬೇಕಾದ ವಿಶೇಷವೆಂದರೆ, ಬಳಗದ ಅರ್ಧದಷ್ಟು ಸದಸ್ಯರು ಚಿತ್ರ ಕಾಣದಿದ್ದರೂ ‘ಸೂಪರ್’, ‘ಅದ್ಭುತ’, ‘ಕೈಮುಗಿದೆ’ ಎಂದು ಹನ್ನೊಂದು ಗಂಟೆಗೇ ಬರೆದು ಮಲಗಿರುತ್ತಾರೆ; ಕೊಂಡಿ ಸರಿಯಿದೆಯೆಂದು ಹವ್ಯಾಸಿ ನಂಬಲು ಮುಖ್ಯ ಆಧಾರವೂ ಈ ಮೆಚ್ಚುಗೆಗಳೇ. ಅನುಮತಿಯ ಗುಂಡಿ ಪತ್ತೆಯಾಗುವುದು ಮೊಮ್ಮಗಳು ಶಾಲೆಗೆ ಹೊರಡುವ ಮುನ್ನ, ಅಷ್ಟು ಹೊತ್ತಿಗೆ ಹೂವು ಸೊರಗಿ ಮೂರು ತಾಸಾಗಿರುತ್ತದೆ.

ಕನ್ನಡಿಗ ಹವ್ಯಾಸಿಗೆಂದೇ ಮೀಸಲಾದ ತೊಡಕೊಂದಿದ್ದು, ಅದನ್ನು ತುಸು ಹತ್ತಿರದಿಂದ ನೋಡುವುದು ಉಚಿತ. ಭಾಷಾಭಿಮಾನದಿಂದ ಚಿತ್ರದ ಕಡತಕ್ಕೆ ‘ಬ್ರಹ್ಮಕಮಲ’ ಎಂದು ಕನ್ನಡದಲ್ಲೇ ಹೆಸರಿಟ್ಟನೆನ್ನೋಣ. ಓದುವವರ ಕಣ್ಣಿಗೆ ಇದು ಐದಕ್ಷರದ ಪದ. ಯುನಿಕೋಡ್ ಎಂಬ ಲಿಪಿಸಂಕೇತ ವ್ಯವಸ್ಥೆಯ ಲೆಕ್ಕದಲ್ಲಿ ಬಕಾರ, ರಕಾರ ಮೊದಲಾದ ಏಳು ವ್ಯಂಜನಗಳೂ ಎರಡು ಅರ್ಧಾಕ್ಷರ ಚಿಹ್ನೆಗಳೂ ಸೇರಿ ಒಂಬತ್ತು ಘಟಕಗಳು. ಅಂತರ್ಜಾಲದಲ್ಲಿ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಘಟಕಕ್ಕೂ ಮೂರು ಬೈಟುಗಳು ಬೇಕಾಗುವುದರಿಂದ ಇಪ್ಪತ್ತೇಳು ಬೈಟುಗಳು. ವಿಳಾಸದಲ್ಲಿ ಇಂಥ ಪ್ರತಿ ಬೈಟನ್ನೂ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಸಂಕೇತಗಳಿಂದ ಬರೆಯುವ ಕಟ್ಟಳೆಯಿರುವುದರಿಂದ, ಕಡೆಗೆ ಎಂಬತ್ತೊಂದು. ಹೀಗೆ ಐದಕ್ಷರದ ಹೂವು ನಕಲಾಗಿ ಬಳಗಕ್ಕೆ ಬಂದಾಗ ಇಪ್ಪತ್ತೇಳು ಶೇಕಡಾ ಚಿಹ್ನೆಗಳ ಮುಳ್ಳು ಹೊತ್ತಿರುತ್ತದೆ, ಮತ್ತು ಅದು ಮೂಲತಃ ಕಳ್ಳಿಯ ಜಾತಿಯದೆಂಬುದು ಆಗ ಎಲ್ಲರಿಗೂ ಮನದಟ್ಟಾಗುತ್ತದೆ. ಇದನ್ನು ಕಂಡು ಬ್ಯಾಂಕಿನ ಬಡ್ಡಿಯ ಪಟ್ಟಿಯೆಂದೋ ವೈರಸ್ಸೆಂದೋ ಶಂಕಿಸಿ ದೂರ ಸರಿಯುವವರನ್ನು ದೂಷಿಸುವಂತಿಲ್ಲ. ಹೆಸರಿನ ನಡುವೆ ಜಾಗ ಬಿಟ್ಟಿದ್ದರಂತೂ ಕೊಂಡಿಯ ಅರ್ಧ ನೀಲಿಯಾಗಿ ಉಳಿದರ್ಧ ಕಪ್ಪಾಗಿ ನಿಂತು, ನೀಲಿಯನ್ನು ಒತ್ತಿದವರು ಎಲ್ಲಿಗೂ ತಲುಪುವುದಿಲ್ಲ.

ಚಿತ್ರ ಅಡ್ಡಬೀಳುವ ಸಮಸ್ಯೆ ಇದಕ್ಕಿಂತ ಹಗುರವಾದದ್ದು. ಕ್ಯಾಮರಾ ಪ್ರತಿ ಚಿತ್ರದೊಡನೆ ಎಕ್ಸಿಫ್ ಎಂಬ ಅಡಕ ಟಿಪ್ಪಣಿಯನ್ನು ಇಡುತ್ತದೆ. ಫೋನನ್ನು ಹೇಗೆ ಹಿಡಿಯಲಾಗಿತ್ತೆಂಬುದನ್ನು ಅದರಲ್ಲಿ 1ರಿಂದ 8ರವರೆಗಿನ ಒಂದು ಅಂಕಿ ಹೇಳುತ್ತದೆ. ಆ ಅಂಕಿಯನ್ನು ಓದದ ತಂತ್ರಾಂಶದಲ್ಲಿ ಹೂವು ಮಲಗಿಕೊಳ್ಳುತ್ತದೆ, ನೋಡುವವರು ಕತ್ತು ಓರೆಮಾಡಿಕೊಳ್ಳುತ್ತಾರೆ, ಲೋಕಕ್ಕೆ ನಷ್ಟವಿಲ್ಲ. ಆದರೆ ಅದೇ ಟಿಪ್ಪಣಿಯಲ್ಲಿ, ಸ್ಥಳ ದಾಖಲಿಸುವ ಸೌಲಭ್ಯ ಚಾಲ್ತಿಯಲ್ಲಿದ್ದರೆ, ಚಿತ್ರ ತೆಗೆದ ಜಾಗದ ಅಕ್ಷಾಂಶ ರೇಖಾಂಶಗಳೂ ಇರುತ್ತವೆ. ಹೆಸರು ಹೇಳಲು ಸಂಕೋಚಪಟ್ಟು ‘ಮೈಸೂರಿನ ಒಬ್ಬ ಹವ್ಯಾಸಿ’ ಎಂದಷ್ಟೇ ಸಹಿ ಹಾಕಿದವನ ಮನೆಯ ಗೇಟಿನವರೆಗೂ ಅವು ದಾರಿ ತೋರಿಸಬಲ್ಲವು. ಅಪರೂಪದ ಹಕ್ಕಿಯ ಗೂಡು ಅಥವಾ ಕಾಡಿನ ಸೀತಾಳೆ ದಂಡೆಯ ಚಿತ್ರ ಹಾಕುವವರು ಈ ಟಿಪ್ಪಣಿಯನ್ನು ಅಳಿಸಿ ಕಳಿಸುವುದು ಗೂಡಿನ ದೃಷ್ಟಿಯಿಂದಲೂ ಗಿಡದ ದೃಷ್ಟಿಯಿಂದಲೂ ಅವಶ್ಯ. ಇದೊಂದು ಮಾತು ಮಾತ್ರ ತಮಾಷೆಯದಲ್ಲ.

ಆತಿಥೇಯರ ಇತಿಹಾಸಕ್ಕೆ ಬಂದರೆ, ಬಿಟ್ಟಿ ಸಿಕ್ಕರೆ ನನಗೊಂದಿರಲಿ ನಮ್ಮಪ್ಪನಿಗೊಂದಿರಲಿ ಎಂಬ ಗಾದೆಯ ಮೇಲೆ ನಿಂತ ಉದ್ದಿಮೆಯೊಂದರ ಕಥೆ ತೆರೆದುಕೊಳ್ಳುತ್ತದೆ. 2003ರಲ್ಲಿ ಆರಂಭವಾದ ಫೋಟೋಬಕೆಟ್‌ನಲ್ಲಿ ಜಗತ್ತಿನ ಹವ್ಯಾಸಿಗಳು ಆಟಿಕೆ ರೈಲುಗಳಿಂದ ಹಿಡಿದು ಅಕ್ವೇರಿಯಮ್ಮಿನ ಮೀನುಗಳವರೆಗೆ ತಮ್ಮ ಸರ್ವಸ್ವವನ್ನೂ ಇಟ್ಟು, ವಿಳಾಸಗಳನ್ನು ಎಲ್ಲೆಡೆ ಬಿತ್ತಿದ್ದರು. 2017ರ ಜೂನ್ ಕೊನೆಯಲ್ಲಿ ಆ ಕಂಪನಿ, ಅಲ್ಲಿಟ್ಟ ಚಿತ್ರವನ್ನು ಬೇರೆ ತಾಣದಲ್ಲಿ ಮೂಡಿಸಬೇಕಾದರೆ ವರ್ಷಕ್ಕೆ 399.99 ಡಾಲರ್ ಕೊಡಬೇಕೆಂದು ನಿಯಮ ಬದಲಿಸಿತು. ಚಪ್ಪಲಿಯಂಗಡಿಯ ಬೆಲೆಚೀಟಿಯನ್ನು ನೆನಪಿಸುವ ಆ ತೊಂಬತ್ತೊಂಬತ್ತು ಸೆಂಟುಗಳ ವಿನಯ ಯಾರನ್ನೂ ಸಮಾಧಾನಪಡಿಸಲಿಲ್ಲ. ಕೊಡದವರ ಚಿತ್ರಗಳಿದ್ದ ಕಡೆಯಲ್ಲೆಲ್ಲ ವೇಗಮಾಪಕದಂಥ ಮುಳ್ಳಿನ ಚಿತ್ರವೊಂದು ಮೂಡಿ ಖಾತೆಯನ್ನು ಮೇಲ್ದರ್ಜೆಗೇರಿಸಿ ಎಂದು ತಿಳಿಸತೊಡಗಿತು. ಹಳೆಯ ಬೈಕಿನ ಕಾರ್ಬ್ಯುರೇಟರನ್ನು ಹದಿನೆಂಟು ಚಿತ್ರಗಳಲ್ಲಿ ಬಿಚ್ಚಿ ತೋರಿಸಿದ ಪಾಠದಲ್ಲಿ ‘ಈಗ ಚಿತ್ರದಲ್ಲಿ ಕಾಣುವ ತಿರುಪನ್ನು ಎಡಕ್ಕೆ ತಿರುಗಿಸಿ’ ಎಂಬ ವಾಕ್ಯದ ಕೆಳಗೆ ಹದಿನೆಂಟು ಸಲವೂ ಅದೇ ಮುಳ್ಳು ಕಾಣಿಸಿದಾಗ, ಬಿಚ್ಚಿದ ಬೈಕಿನ ಮುಂದೆ ಕುಳಿತವನ ಪಾಡು ಊಹೆಗೆ ಬಿಟ್ಟದ್ದು. ಇಮೇಜ್‌ಶ್ಯಾಕ್ ಎಂಬ ಇನ್ನೊಬ್ಬ ಆತಿಥೇಯ ಇಂಥ ಸಂದರ್ಭಗಳಲ್ಲಿ ಮಂಜುಗಡ್ಡೆಯೊಳಗೆ ಹೆಪ್ಪುಗಟ್ಟಿದ ಕಪ್ಪೆಯೊಂದನ್ನು ತೋರಿಸುತ್ತಿತ್ತು. ಗುಲಾಬಿಯೆಂದು ಹೇಳಿ ಕಪ್ಪೆ ತೋರಿಸಿದ ಅಪವಾದವನ್ನು ಹೊತ್ತವರು ಹವ್ಯಾಸಿಗಳೇ.

2004ರಲ್ಲಿ ಹುಟ್ಟಿದ ಫ್ಲಿಕರ್ ಮರುವರ್ಷ ಯಾಹೂವಿನ ಮನೆ ಸೇರಿ, 2018ರಲ್ಲಿ ಸ್ಮಗ್‌ಮಗ್ ಕೈಗೆ ಬಂದು, ಪುಕ್ಕಟೆ ಖಾತೆಗೆ 1000 ಚಿತ್ರಗಳ ಮಿತಿ ಹಾಕಿತು. 2015ರಲ್ಲಿ ಬಂದ ಗೂಗಲ್ ಫೋಟೋಸ್ ತುಸು ಕುಗ್ಗಿಸಿದ ಚಿತ್ರಗಳಿಗೆ ಕೊಟ್ಟಿದ್ದ ಮಿತಿಯಿಲ್ಲದ ಜಾಗವನ್ನು 2021ರ ಜೂನ್ 1ರಿಂದ ನಿಲ್ಲಿಸಿ 15 ಜಿಬಿಯ ಲೆಕ್ಕಕ್ಕೆ ಸೇರಿಸಿತು. ಇದರಲ್ಲಿ ಮೋಸವನ್ನು ಹುಡುಕುವುದು ನ್ಯಾಯವಲ್ಲ, ಏಕೆಂದರೆ ಸರ್ವರಿಗೂ ವಿದ್ಯುತ್ ಬಿಲ್ಲು ಬರುತ್ತದೆ. ಚಿತ್ರದ ವಿಳಾಸ ಕೈಯಲ್ಲಿದ್ದರೆ ಚಿತ್ರವೇ ಕೈಯಲ್ಲಿದ್ದಂತೆ ಎಂದು ಹವ್ಯಾಸಿ ಭಾವಿಸಿದ್ದು ಅವನದೇ ತಪ್ಪು. ಕನ್ನಡಿಯೊಳಗಿನ ಗಂಟೆಂದು ಅಜ್ಜಿಯರು ಹೇಳುತ್ತಿದ್ದದ್ದು ಈ ಆಸ್ತಿಯನ್ನೇ ಇರಬೇಕು.

ಹವ್ಯಾಸಿ ಸದಾ ವಂಚಿತನೆಂದು ಚಿತ್ರಿಸುವುದೂ ಸಲ್ಲದು. ತನ್ನ ಗಿಡ ಮೊಗ್ಗು ಬಿಡದ ವರ್ಷ ಬೇರೊಬ್ಬರ ತಾಣದಲ್ಲಿರುವ ಹೂವಿನ ನೇರ ವಿಳಾಸವನ್ನು ಎತ್ತಿಕೊಂಡು ಬಳಗದಲ್ಲಿ ಮೂಡಿಸುವ ಕ್ರಮವೂ ಇದ್ದು, ಇದಕ್ಕೆ ಹಾಟ್‌ಲಿಂಕಿಂಗ್ ಎಂದು ಹೆಸರು. ನೋಡುವವರು ಎಲ್ಲೋ, ಹೊಗಳಿಕೆ ಯಾರಿಗೋ, ಪ್ರತಿಸಲ ಚಿತ್ರ ಕಳಿಸುವ ಖರ್ಚು ಮಾತ್ರ ಆ ಬಡಪಾಯಿ ತಾಣದ್ದು. ಪಕ್ಕದ ಮನೆಯ ನಲ್ಲಿಗೆ ಪೈಪು ಸಿಕ್ಕಿಸಿ ತನ್ನ ತೋಟಕ್ಕೆ ನೀರು ಹಾಯಿಸುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ವಿಳಾಸ ಮೊದಲಿನದೇ ಇದ್ದರೂ ಅಲ್ಲಿರುವ ಚಿತ್ರವನ್ನು ಒಡೆಯ ಯಾವಾಗ ಬೇಕಾದರೂ ಬದಲಿಸಬಲ್ಲನಾದ್ದರಿಂದ, ಬ್ರಹ್ಮಕಮಲವೆಂದು ತೋರಿಸಿದ್ದು ಮರುದಿನ ಕತ್ತೆಯ ಮುಖವಾಗಿ ಬಳಗಕ್ಕೆ ದರ್ಶನ ಕೊಡುವ ಸಾಧ್ಯತೆಯೂ ಇದೆ. ಅಂಥ ಶಿಕ್ಷೆಯನ್ನು ಅತಿಯೆನ್ನಲಾಗದು.

ಬ್ರಹ್ಮಕಮಲದ ಮೊಗ್ಗು ತಲೆಯೆತ್ತಿದ ಮೇಲೆ ಅರಳಲು ಹೆಚ್ಚು ದಿನ ಹಿಡಿಯುವುದಿಲ್ಲ. ಆದ್ದರಿಂದ ಗಿಡ ಬೆಳೆಸಿರುವ ಓದುಗರು ಕಡತಕ್ಕೆ ಒಂದು ಚಿಕ್ಕ ಇಂಗ್ಲಿಷ್ ಹೆಸರು ಕೊಟ್ಟು, ಮೂಲಪ್ರತಿಯೊಂದನ್ನು ಮನೆಯ ಪೆನ್‌ಡ್ರೈವಿನಲ್ಲಿಟ್ಟು, ಬಳಗಕ್ಕೆ ಕಳಿಸುವ ಮೊದಲು ಕೊಂಡಿಯನ್ನು ಪಕ್ಕದ ಮನೆಯವರ ಫೋನಿನಲ್ಲಿ ಒಮ್ಮೆ ತೆರೆದು ನೋಡಿಕೊಳ್ಳಬೇಕಾಗಿ ವಿನಂತಿ. ಫೋನು ಯಾಕೆ, ಹೂವನ್ನೇ ನೋಡಲು ಬರುತ್ತೇವೆ ಎಂದು ಅವರು ಹೊರಟರೆ, ಹಾಲು ಸಾಕಷ್ಟಿದೆಯೇ ಎಂದು ಮೊದಲೇ ನೋಡಿಕೊಂಡಿರಬೇಕು.