ಭೀಮಾತೀರದ ಸೈಕತಾವರೋಹಣ: ಒಂದು ಶಾಸ್ತ್ರೀಯ ವಿವೇಚನೆ

ಕಾಲಿಗೆ ಹಲಗೆ ಕಟ್ಟಿಕೊಂಡು ಮರಳ ದಿಬ್ಬದ ನೆತ್ತಿಯಿಂದ ಬುಡಕ್ಕೆ ಜಾರುವ ಪ್ರವಾಸಿಕ್ರಿಯೆಗೆ ಸೈಕತಾವರೋಹಣವೆಂದು ಹೆಸರು. ನಮೀಬಿಯಾದ ಸ್ವಾಕೊಪ್‌ಮುಂಡ್, ಪೆರುವಿನ ಹುವಾಕಾಚಿನಾ ಇದರ ಆದ್ಯಪೀಠಗಳು. ಒಣಮರಳು ಸುಮಾರು 34 ಡಿಗ್ರಿಗಿಂತ ಕಡಿದಾಗಿ ನಿಲ್ಲದು. ಹಿಮಕ್ಕಿಂತ ಇದರ ಘರ್ಷಣೆ ಹೆಚ್ಚಾದ್ದರಿಂದ ಹಲಗೆಯ ತಳಕ್ಕೆ ಮೇಣ ತಿಕ್ಕಬೇಕು. ಇಳಿಯುವುದು ಕ್ಷಣಾರ್ಧ, ಮತ್ತೆ ಹತ್ತುವುದು ಮಾತ್ರ ಹೂತುಹೋಗುವ ಕಾಲುಗಳಲ್ಲಿ, ಏದುಸಿರು ಬಿಡುತ್ತ. ಪ್ರವಾಸೋದ್ಯಮ ಪಂಡಿತರು ಇದನ್ನು ‘ಅನುಭವಾಧಾರಿತ ಮೌಲ್ಯವರ್ಧನೆ’ ಎನ್ನುತ್ತಾರೆ.

ಕಲಬುರಗಿ ಜಿಲ್ಲೆಯ ಮೂರು ತಾಲ್ಲೂಕುಗಳ ಸೈಕತ-ಸಾಮರ್ಥ್ಯ ಏಕರೂಪದ್ದಲ್ಲ. ಆಳಂದದ್ದು ತೊಗರಿ ಬೆಳೆಯುವ ಎರೆಭೂಮಿ. ಮಳೆ ಬಿದ್ದ ಎರೆಹೊಲದಲ್ಲಿ ಹಲಗೆ ನಿಂತಲ್ಲೇ ನಾಟಿಕೊಂಡು, ಸವಾರನೊಬ್ಬನೇ ಮುಂದೆ ಹೋಗುತ್ತಾನೆ. ಅಲ್ಲಿನ ಅಮರ್ಜಾ ನದಿಯೂ ಗಾಣಗಾಪುರಕ್ಕೆ ಬಂದು ಭೀಮೆಯನ್ನು ಸೇರಿಬಿಡುವುದರಿಂದ ಆಳಂದವನ್ನು ಇಲ್ಲಿಗೇ ಬಿಡಲಾಗಿದೆ. ಅಫಜಲಪುರ, ಜೇವರ್ಗಿಗಳಿಗೆ ಭೀಮೆಯ ದಂಡೆಯುಂಟು, ದಂಡೆಗೆ ದಿಬ್ಬಗಳುಂಟು.

ಉತ್ಪತ್ತಿಯ ದೃಷ್ಟಿಯಿಂದ ದಿಬ್ಬಗಳು ತ್ರಿವಿಧ: ಸ್ವಯಂಭೂ, ಟಿಪ್ಪರೋದ್ಭವ, ಜಪ್ತಿಜನ್ಯ. ಗಾಳಿ ಪೇರಿಸಿದ್ದು ಸ್ವಯಂಭೂ. ಗುಡಿಗಳೇ ಹೂತುಹೋದ ಕಾವೇರಿತೀರದ ತಲಕಾಡು ಇದಕ್ಕೆ ನಿದರ್ಶನ. ಟಿಪ್ಪರೋದ್ಭವವು ನಡುರಾತ್ರಿ ಹುಟ್ಟಿ ಕೋಳಿ ಕೂಗುವುದರೊಳಗೆ ಲಯವಾಗುತ್ತದೆ. ಬುಡದಿಂದ ಇನ್ನೂ ಹೊಳೆನೀರು ಒಸರುತ್ತಿರುತ್ತದೆ, ಸುತ್ತ ಟ್ರ್ಯಾಕ್ಟರ್ ಗಾಲಿಯ ಅಚ್ಚು, ಡೀಸೆಲ್ ವಾಸನೆ. ಹಸಿಮರಳು ಜಾರಲು ಒಗ್ಗದು. ಜಪ್ತಿಜನ್ಯವು ಕಾಗದದಲ್ಲಿ ಸ್ಥಿರವಾಗಿದ್ದು ನೆಲದ ಮೇಲೆ ಕರಗುವ ಗುಣವುಳ್ಳದ್ದು. ಇದರ ಉಪಭೇದಗಳನ್ನು ಪಟ್ಟಿ ಮಾಡಿ ಪ್ರಯೋಜನವಿಲ್ಲ. ಭೀಮೆಯ ದಂಡೆಯಲ್ಲಿ ಎರಡನೆಯದೂ ಮೂರನೆಯದೂ ಒಂದೇ ಹೊಳೆಯ ಹೊಟ್ಟೆ ಬಗೆದು ತಂದವು.

ಜರ್ಮನಿಯ ಹಿರ್ಶಾವಿನಲ್ಲಿ ಕಾವೋಲಿನ್ ಗಣಿಯ ಮರಳು ಸುಮಾರು 120 ಮೀಟರ್ ಎತ್ತರದ ಗುಡ್ಡವಾಗಿದೆ, ಜನ ಅದರ ಮೇಲೆ ಸ್ಕೀ ಆಡುತ್ತಾರೆ. ಇದನ್ನೇ ಪೂರ್ವನಿದರ್ಶನವೆಂದು ಪಂಡಿತರು ಮುಂದಿಡಬಹುದು. ಆದರೆ ಅದು ಗಣಿಗೆ ಬೇಡವಾದ ಮರಳು. ಇದು ಹೊಳೆಗೆ ಬೇಕಾದದ್ದು. ಬೇಸಿಗೆಯಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುವುದೇ ಮರಳಿನ ಹಾಸು. ಅದು ಹೋದರೆ ದಂಡೆಯ ಬಾವಿಗಳು ಬತ್ತುತ್ತವೆ, ಹೊಂಡಗಳು ಉಳಿಯುತ್ತವೆ. ನೀರು ಬಂದ ಮೇಲೆ ಈಜಲು ಇಳಿದ ಹುಡುಗನಿಗೆ ಆ ಹೊಂಡ ಕಾಣುವುದಿಲ್ಲ. 2023ರ ಜೂನ್‌ನಲ್ಲಿ ಜೇವರ್ಗಿ ತಾಲ್ಲೂಕಿನಲ್ಲಿ ಅಕ್ರಮ ಮರಳಿನ ಟ್ರ್ಯಾಕ್ಟರ್ ತಡೆಯಲು ಹೋದ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಅದರ ಗಾಲಿಗೆ ಸಿಕ್ಕು ಸತ್ತರು. ಆ ಸಾವನ್ನು ಮೌಲ್ಯವರ್ಧನೆಯ ಯಾವ ಕೋಷ್ಟಕದಲ್ಲಿ ತುಂಬಬೇಕೋ ಪಂಡಿತರೇ ಹೇಳಲಿ.

ಭೀಮಾತೀರದಲ್ಲಿ ಮರಳ ದಿಬ್ಬ ಕಂಡ ಪ್ರವಾಸಿಗರು ಹಲಗೆಯನ್ನು ಗಾಡಿಯಲ್ಲೇ ಬಿಟ್ಟು, ಮೊದಲು ತಹಶೀಲ್ದಾರರಿಗೆ ದೂರು ಕೊಡಬೇಕು.